ಹೊರನಾಡಿನ ಶಿಷ್ಯನೂ ಹಾಡಿನೊಳಗಿನ ಮಾತೂ

ನಮ್ಮ ಸಂಗೀತವನ್ನು ಕಲಿಯಬೇಕೆಂಬ ಹಂಬಲದಿಂದ ಸಾಗರಗಳನ್ನು ದಾಟಿ ವಿಮಾನದಲ್ಲಿ ಬೆಂಗಳೂರಿಗೆ ಬಂದಿಳಿಯುವ ವಿದ್ಯಾರ್ಥಿಗಳು 2008ರಿಂದೀಚೆಗೆ ಮೊದಲು ಕಾಲಿಡುವುದು ನಮ್ಮ ಜಿಲ್ಲೆಯ ನೆಲದ ಮೇಲೆ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಹೊರಬಿದ್ದವರು ವೀಣೆಯನ್ನು ಅರಸಿ ಮೈಸೂರಿಗೋ, ಖಯಾಲನ್ನು ಅರಸಿ ಧಾರವಾಡಕ್ಕೋ, ಚಂಡೆ ಮದ್ದಲೆಗಳನ್ನು ಅರಸಿ ಉಡುಪಿಗೋ ಹೊರಟುಹೋಗುತ್ತಾರೆ. ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆಗಳ ಹಾಡುಗಾರಿಕೆಯನ್ನು ಕೇಳಲೆಂದು ನಿಲ್ಲುವವರು ವಿರಳ. ಇಂಥವರಲ್ಲಿ ಒಬ್ಬಿಬ್ಬರಿಗಾದರೂ ನಮ್ಮಂಥ ಸಣ್ಣ ಊರಿನ ಮಠದ ಪ್ರಸಾದ ನಿಲಯದಲ್ಲಿ ಎಡೆ ಕೊಡಬಹುದೇ ಎಂಬ ಪ್ರಶ್ನೆ ಹಿರಿಯರ ನಡುವೆ ಆಗಾಗ ಏಳುವುದುಂಟು. ಕೊಡಬಹುದು, ಕೊಡಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಬಂದವನನ್ನು ನಾವು ಅತಿಥಿಯೆಂದು ಕಾಣುತ್ತೇವೆಯೋ ಶಿಷ್ಯನೆಂದು ಕಾಣುತ್ತೇವೆಯೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳದಿದ್ದರೆ ಆ ಕಾರ್ಯದಿಂದ ಅವನಿಗೂ ಫಲವಿಲ್ಲ, ನಮಗೂ ಇಲ್ಲ.

ಪರದೇಶದವರು ಹಳ್ಳಿಯಲ್ಲಿ ನೆಲೆಸಿ ಕಲೆಯನ್ನು ಕಲಿಯುವುದು ನಮ್ಮ ಸೀಮೆಗೆ ತೀರ ಅಪರಿಚಿತವೇನೂ ಅಲ್ಲ. ನಮ್ಮ ಜಿಲ್ಲೆಯ ಎಲ್ಲೆಗೆ ಸಮೀಪದ ಹೆಸರಘಟ್ಟದಲ್ಲಿ ಪ್ರತಿಮಾ ಬೇಡಿಯವರು 1990ರಲ್ಲಿ ನೃತ್ಯಗ್ರಾಮವನ್ನು ತೆರೆದರು. ಅಲ್ಲಿ ಕಲಿಸುವುದು ಒಡಿಸ್ಸಿ ನೃತ್ಯ, ಅದರ ಅಭಿನಯಕ್ಕೆ ಜಯದೇವನ ಅಷ್ಟಪದಿಗಳು ಆಧಾರ. ಈ ಕಲೆಯೇ ನಮ್ಮ ಬಯಲುಸೀಮೆಗೆ ಹೊರಗಿನಿಂದ ಬಂದದ್ದು. ಗುರುಕುಲದ ಜೊತೆಗೆ ಸುತ್ತಲಿನ ಹಳ್ಳಿಗಳ ಮಕ್ಕಳಿಗೂ ಉಚಿತ ಪಾಠ ಆರಂಭವಾಯಿತು. ಹಾಗೆ ಪಾಠಕ್ಕೆ ಬಂದ ಬಾಲಕಿಯರಲ್ಲಿ ಒಬ್ಬರಾದ ಪವಿತ್ರಾ ರೆಡ್ಡಿಯವರು ಮುಂದೆ ಆ ಸಂಸ್ಥೆಯ ನರ್ತಕಿಯಾಗಿ ಲೋಕದ ಅನೇಕ ರಂಗಮಂದಿರಗಳಲ್ಲಿ ಕುಣಿದರು. ಒಡಿಸ್ಸಿಯ ಮಟ್ಟಿಗೆ ನಮ್ಮ ಹಳ್ಳಿಯ ಹುಡುಗಿಯೂ ಸಾಗರದಾಚೆಯ ಹುಡುಗಿಯೂ ಸಮಾನವಾಗಿ ಹೊರಗಿನವರೇ. ಇಬ್ಬರಿಗೂ ಅಡವು ಒಂದೇ, ಬೈಗುಳವೂ ಒಂದೇ. ಹೊರನಾಡಿನ ಶಿಷ್ಯತ್ವವೆಂದರೆ ಏನೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ನಿದರ್ಶನ ಹತ್ತಿರದಲ್ಲಿ ಇಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. ಹಾನಗಲ್ಲ ಕುಮಾರ ಸ್ವಾಮಿಗಳವರ ಕೃಪೆಗೆ ಪಾತ್ರರಾದ ಅಂಧ ಬಾಲಕ ಗದಿಗೆಯ್ಯನವರು ಗಾನಯೋಗಿ ಪಂಚಾಕ್ಷರ ಗವಾಯಿಗಳಾದ ಕಥೆಯನ್ನು ಲಿಂಗಾಯತ ಮನೆಗಳಲ್ಲಿ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. 1892ರಲ್ಲಿ ಹುಟ್ಟಿ 1944ರಲ್ಲಿ ಲಿಂಗೈಕ್ಯರಾದ ಆ ಮಹನೀಯರು ಕರ್ನಾಟಕ ಪದ್ಧತಿಯ ಜೊತೆಗೆ ನೀಲಕಂಠ ಬುವಾ ಅವರಲ್ಲಿ ಹಿಂದೂಸ್ತಾನಿಯನ್ನು ಕಲಿತರು. ಮನ್ಸೂರಿನ ಮಲ್ಲಿಕಾರ್ಜುನರು ಅದೇ ನೀಲಕಂಠ ಬುವಾ ಅವರಲ್ಲಿಯೂ, ಅನಂತರ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರಲ್ಲಿಯೂ ಕಲಿತರು. ಕನ್ನಡದ ಹಳ್ಳಿಗಳಿಂದ ಹೊರಟ ಇವರಿಗೆ ಬಂದಿಶುಗಳ ಬ್ರಜ ಭಾಷೆ ಪರಭಾಷೆಯೇ ಆಗಿತ್ತು. ಅದನ್ನು ಬಾಯಲ್ಲಿ ಉರುಳಿಸಿ, ತಿದ್ದಿಸಿಕೊಂಡು, ತಮ್ಮದಾಗಿಸಿಕೊಂಡ ಮೇಲೆ ಅವರು ಮಾಡಿದ್ದೇನು? ಆ ರಾಗಗಳೊಳಕ್ಕೆ ವಚನಗಳನ್ನು ತಂದು ಕೂರಿಸಿದರು. ಮನ್ಸೂರರ ಕಂಠದಲ್ಲಿ ಶಿವಶರಣರ ಮಾತನ್ನು ಕೇಳಿದವರು ಅದು ಖಯಾಲಿನ ಮೈಯೊಳಗೆ ಎಷ್ಟು ಸಹಜವಾಗಿ ಉಸಿರಾಡುತ್ತದೆಂಬುದನ್ನು ಬಲ್ಲರು. ಅನ್ಯಭಾಷೆಯ ಹಾಡಿನಲ್ಲಿ ಮಾತಿಗೆ ಮರ್ಯಾದೆ ಕೊಡುವುದನ್ನು ಕಲಿತಿದ್ದವರಾದ್ದರಿಂದಲೇ ತಮ್ಮ ಭಾಷೆಯ ಮಾತನ್ನು ಅವರು ಕೆಡಿಸಲಿಲ್ಲವೆಂದು ನಾನು ತಿಳಿದಿದ್ದೇನೆ.

‘ಸಂಗೀತರತ್ನಾಕರ’ದ ಕರ್ತೃವಾದ ಶಾರ್ಙ್ಗದೇವನು ವಾಗ್ಗೇಯಕಾರನ ಲಕ್ಷಣವನ್ನು ಹೇಳುವಾಗ ವಾಕ್ಕಿಗೆ ‘ಮಾತು’ ಎಂಬ ಹೆಸರನ್ನೂ ಗೇಯಕ್ಕೆ ‘ಧಾತು’ ಎಂಬ ಹೆಸರನ್ನೂ ಕೊಡುತ್ತಾನೆ. ಎರಡನ್ನೂ ಬಲ್ಲವನೇ ವಾಗ್ಗೇಯಕಾರ. ಸಂಸ್ಕೃತ ಲಕ್ಷಣಗ್ರಂಥವೊಂದರಲ್ಲಿ ಬರುವ ಈ ‘ಮಾತು’ ನಮ್ಮ ಮಾತೇ ಇರಬೇಕೆಂದು ನನಗಂತೂ ಮೊದಲಿನಿಂದಲೂ ಅನ್ನಿಸಿದೆ. ಅಲ್ಲವೆನ್ನುವ ಪಂಡಿತರೊಡನೆ ವಾದಕ್ಕೆ ಇದು ಸ್ಥಳವಲ್ಲ. ಆದರೆ ಒಂದು ಸಂಗತಿ ಸ್ವಾರಸ್ಯಕರವಾದದ್ದು. ಶಾರ್ಙ್ಗದೇವನ ವಂಶದವರು ಕಾಶ್ಮೀರದಿಂದ ದಕ್ಷಿಣಕ್ಕೆ ಬಂದು ನೆಲೆಸಿದವರು. ಅವನು ಆಶ್ರಯ ಪಡೆದ ದೇವಗಿರಿಯ ಸೇವುಣ ಅರಸರ ಶಾಸನಗಳಲ್ಲಿ ಕನ್ನಡದವು ಬಹಳ. ಹದಿಮೂರನೆಯ ಶತಮಾನದಲ್ಲಿ ನಮ್ಮ ಸಂಗೀತಶಾಸ್ತ್ರದ ಮಹಾಗ್ರಂಥವನ್ನು ಬರೆದವನೇ ವಲಸೆ ಬಂದ ಮನೆತನದವನೆಂಬುದನ್ನು, ಹೊರಗಿನವರಿಗೆ ವಿದ್ಯೆ ಏಕೆ ಎಂದು ಗೊಣಗುವವರು ನೆನೆಯುವುದು ಒಳ್ಳೆಯದು.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಪರದೇಶದ ವಿದ್ಯಾರ್ಥಿಗೆ ಸ್ವರ ದುಸ್ಸಾಧ್ಯವಲ್ಲ. ಅವನ ಕಿವಿ ಪಳಗಿರುತ್ತದೆ, ಸಾಧನೆಗೆ ಅವನು ಹಿಂಜರಿಯುವುದಿಲ್ಲ. ತೊಡಕಿರುವುದು ಅಕ್ಷರದಲ್ಲಿ. ಕನ್ನಡದಲ್ಲಿ ಹ್ರಸ್ವ ದೀರ್ಘಗಳು ಅರ್ಥವನ್ನೇ ಬದಲಿಸುತ್ತವೆ. ಹಾಡಿನಲ್ಲಿಯಾದರೋ ತಾಳದ ಅನುಕೂಲಕ್ಕಾಗಿ ಹ್ರಸ್ವವನ್ನು ಎಳೆಯುವುದು ಪದ್ಧತಿ. ಭಾಷೆ ಬಲ್ಲ ಗಾಯಕನು ಎಷ್ಟೇ ಎಳೆದರೂ ‘ಹರ’ ಎಂಬುದು ‘ಹಾರ’ವಾಗದಂತೆ ಕಾಯುತ್ತಾನೆ, ಏಕೆಂದರೆ ಅವನ ಮನಸ್ಸಿನಲ್ಲಿ ಪದ ಮೊದಲೇ ಮೂಡಿರುತ್ತದೆ. ಬರಿಯ ಸ್ವರಲಿಪಿಯನ್ನು ನೋಡಿ ಕಲಿತವನಿಗೆ ಆ ಕಾವಲಿಲ್ಲ. ಅವನ ಬಾಯಲ್ಲಿ ಬೆಳೆ ಬೆಲೆಯಾಗುತ್ತದೆ, ಕೊಳೆ ಕೊಲೆಯಾಗುತ್ತದೆ, ದ್ವಿತ್ವ ಎಲ್ಲಿ ಬೇಕೆಂದು ತಿಳಿಯದೆ ಕತೆ ಕತ್ತೆಯಾಗುತ್ತದೆ. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಳಕಾರಗಳ ಭೇದಕ್ಕೆ ಅಷ್ಟು ಸೂತ್ರಗಳನ್ನು ಏಕೆ ವೆಚ್ಚಮಾಡಿದನೆಂದು ನಮ್ಮ ವಿದ್ಯಾರ್ಥಿಗಳು ಬೇಸರದಿಂದ ಕೇಳುವುದುಂಟು. ಹೊರನಾಡಿನವನು ಹಾಡುವುದನ್ನು ಒಮ್ಮೆ ಕೇಳಿದರೆ ಆ ಪ್ರಶ್ನೆ ಹುಟ್ಟುವುದಿಲ್ಲ.

ವಚನಗಳ ಗಾಯನದಲ್ಲಿ ಈ ಕಷ್ಟ ಇಮ್ಮಡಿ. ಕೀರ್ತನೆಗೆ ಪಲ್ಲವಿಯಿದೆ, ಚರಣವಿದೆ. ಎಲ್ಲಿ ನಿಲ್ಲಬೇಕೆಂದು ರಚನೆಯೇ ಹೇಳಿಕೊಡುತ್ತದೆ. ಸ್ವರವಚನಗಳನ್ನು ಬಿಟ್ಟರೆ ವಚನಗಳು ಹಾಡಿಗೆಂದು ಕಟ್ಟಿದವಲ್ಲ. ಅವುಗಳ ಲಯ ಅರ್ಥದ ಲಯ. ಉಸಿರನ್ನು ಎಲ್ಲಿ ಬಿಡಬೇಕೆಂಬುದನ್ನು ವಾಕ್ಯವನ್ನು ಅರಿತವನು ಮಾತ್ರ ಬಲ್ಲನು. ಕ್ರಿಯಾಪದಕ್ಕಿಂತ ಮೊದಲೇ ಉಸಿರು ಮುರಿದರೆ ಶರಣನು ಅಲ್ಲಗಳೆದದ್ದನ್ನು ಗಾಯಕನು ಒಪ್ಪಿದಂತೆ ಕೇಳಿಸುತ್ತದೆ. ನಮ್ಮ ಕನ್ನಡದಲ್ಲಿ ‘ಇಲ್ಲ’ ಬರುವುದು ವಾಕ್ಯದ ಕೊನೆಗೆ.

ಇದು ಅಸಾಧ್ಯವಲ್ಲವೆಂಬುದಕ್ಕೆ ಸಾಕ್ಷಿಯಿದೆ. ಅಮೆರಿಕದ ಜಾನ್ ಹಿಗಿನ್ಸ್ ಅವರು 1964ರಲ್ಲಿ ಮದರಾಸಿಗೆ ಬಂದು ಬಾಲಸರಸ್ವತಿಯವರ ಮನೆತನದಲ್ಲಿ ಕರ್ನಾಟಕ ಸಂಗೀತವನ್ನು ಕಲಿತು ‘ಹಿಗಿನ್ಸ್ ಭಾಗವತರ್’ ಎನಿಸಿಕೊಂಡರು. ಅವರ ಹೆಸರಿನೊಡನೆ ಇಂದಿಗೂ ರಸಿಕರಿಗೆ ನೆನಪಾಗುವ ಹಾಡು ಕನ್ನಡದ್ದು, ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’. ಕಲಿಸಿದವರು ತಮಿಳರು, ಕಲಿತವನು ಅಮೆರಿಕನ್ನನು, ಹಾಡು ಕನ್ನಡ. ಆದರೂ ಧ್ವನಿಮುದ್ರಿಕೆಯಲ್ಲಿ ಪದಗಳು ಒಡೆದು ಕೇಳಿಸುತ್ತವೆ. ಆ ಮನೆಯಲ್ಲಿ ಸಾಹಿತ್ಯವನ್ನು ಸಡಿಲ ಬಿಡುವ ಪದ್ಧತಿ ಇರಲಿಲ್ಲ. 1984ರ ಡಿಸೆಂಬರಿನಲ್ಲಿ ಅವರು ತಮ್ಮ ಊರಿನಲ್ಲಿ ವಾಹನದ ಅಪಘಾತಕ್ಕೆ ಸಿಕ್ಕಿ ಅಕಾಲಮರಣವನ್ನಪ್ಪಿದರು. ಉಡುಪಿಯ ಕಡೆಗೆ ಬಂದ ಮಾರ್ತಾ ಆಷ್ಟನ್ ಅವರದೂ ಇಂಥದೇ ಕಥೆ. ಹಿರಿಯಡಕ ಗೋಪಾಲರಾಯರ ಬಳಿ ಯಕ್ಷಗಾನವನ್ನು ಅಭ್ಯಾಸಮಾಡಿ, 1977ರಲ್ಲಿ ಬ್ರೂಸ್ ಕ್ರಿಸ್ಟಿಯವರೊಡನೆ ಆ ಕಲೆಯ ಬಗೆಗೆ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಆ ಗುರುಗಳು ನೂರು ವರ್ಷ ಬಾಳಿ 2020ರಲ್ಲಿ ತೀರಿಕೊಂಡರು.

ನಮ್ಮ ಸಣ್ಣ ಊರುಗಳಲ್ಲಿ ನಡೆಯುವುದೇನು? ಬಿಳಿಯ ಹುಡುಗನೊಬ್ಬನು ಪಂಚೆಯುಟ್ಟು ವೇದಿಕೆಯೇರಿ ಎರಡು ಸಾಲು ಹಾಡಿದರೆ ಸಾಕು, ಸಭೆಯೆಲ್ಲ ಕರತಾಡನ ಮಾಡುತ್ತದೆ. ರಾಜ್ಯೋತ್ಸವಕ್ಕೆ ಅವನು ಬೇಕು, ಜಾತ್ರೆಗೆ ಬೇಕು, ಶಾಲು ಹಾರಗಳಿಗೆ ಬೇಕು. ತಪ್ಪನ್ನು ಹೇಳುವವರು ಯಾರೂ ಇಲ್ಲ. ಹೇಳಿದರೆ ಅಸೌಜನ್ಯವೆಂದು ಭಯ. ಇಂಥ ದಾಕ್ಷಿಣ್ಯದ ಚಪ್ಪಾಳೆಯಿಂದ ಅವನಿಗೆ ಆಗುವ ನಷ್ಟ ಅಷ್ಟಿಷ್ಟಲ್ಲ. ತನ್ನ ದೇಶದಲ್ಲಿ ತಿದ್ದುವವರಿಲ್ಲವೆಂದೇ ಅವನು ಇಷ್ಟು ದೂರ ಬಂದದ್ದು! ನಮ್ಮ ಮಗುವಿನ ಕಾಗುಣಿತಕ್ಕೆ ಕೆಂಪು ಶಾಯಿ ಎಳೆಯುವ ನಾವು ಅವನ ಹಾಡಿಗೆ ಹೂವನ್ನು ಏಕೆ ಎರಚಬೇಕು?

ಮತ್ತೊಂದು ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಹಳ್ಳಿಯ ತಂಬೂರಿ ಪದಗಳನ್ನು ಧ್ವನಿಮುದ್ರಿಸಿಕೊಂಡು ಹೋದವರು ಹಾಡಿದವರ ಹೆಸರನ್ನು ಸಹ ಬರೆಯದೆ ತಮ್ಮ ಹೆಸರಿನಲ್ಲಿ ಪ್ರಕಟಿಸಿಬಿಟ್ಟರೆ ಎಂಬ ಶಂಕೆ ನಿರಾಧಾರವಲ್ಲ. ಅದಕ್ಕೆ ಬಾಗಿಲು ಮುಚ್ಚುವುದು ಮದ್ದಲ್ಲ. ಒಂದು ಸಂಜೆ ಬಂದು ಯಂತ್ರವನ್ನು ಮುಂದಿಟ್ಟು ಹೋಗುವವನು ಬೇರೆ, ಎರಡು ವರ್ಷ ಪಂಕ್ತಿಯಲ್ಲಿ ಕುಳಿತು ರಾಗಿಮುದ್ದೆ ನುಂಗುವುದನ್ನು ಕಲಿತವನು ಬೇರೆ. ಎರಡನೆಯವನಿಗೆ ಹಾಡಿದವರ ಹೆಸರು ಮಾತ್ರವಲ್ಲ, ಅವರ ಮೊಮ್ಮಕ್ಕಳ ಹೆಸರೂ ಗೊತ್ತಿರುತ್ತದೆ.

ಆದುದರಿಂದ ನನ್ನ ಸಲಹೆ ಹೀಗಿದೆ. ಬಂದ ವಿದ್ಯಾರ್ಥಿಗೆ ಮೊದಲ ಆರು ತಿಂಗಳು ಹಾಡಿನ ಪಾಠಕ್ಕಿಂತ ಹೆಚ್ಚಾಗಿ ಕನ್ನಡದ ಪಾಠ ನಡೆಯಲಿ. ಅದೂ ಪ್ರತ್ಯೇಕವಾಗಿ ಅಲ್ಲ, ನಮ್ಮ ಮಕ್ಕಳ ನಡುವೆ, ಮಣೆಯ ಮೇಲೆ. ದಾಸೋಹದ ನೆಲೆಯಲ್ಲಿ ಅನ್ನಕ್ಕೂ ಅಕ್ಷರಕ್ಕೂ ಶುಲ್ಕ ಬೇಡ, ಬದಲಿಗೆ ಅವನು ಮಕ್ಕಳಿಗೆ ತನಗೆ ತಿಳಿದ ವಾದ್ಯವನ್ನೋ ಭಾಷೆಯನ್ನೋ ಕಲಿಸಲಿ. ಮೊದಲ ವರ್ಷ ಯಾವ ವೇದಿಕೆಯೂ ಬೇಡ. ಸೋಮವಾರದ ಭಜನೆಯಲ್ಲಿ ತಾಳ ಹಿಡಿದು ಹಿಂದಿನ ಸಾಲಿನಲ್ಲಿ ಕೂರಲಿ, ಶಿವಗಂಗೆಯ ಜಾತ್ರೆಗೆ ವೀರಗಾಸೆಯವರೊಡನೆ ನಡೆದು ಹೋಗಲಿ.

ಕಾಗದ ಪತ್ರಗಳ ವಿಷಯದಲ್ಲಿ ಮಠಗಳ ಕಾರ್ಯಾಲಯದವರು ಉದಾಸೀನರಾಗಬಾರದು. ಪರದೇಶದವರನ್ನು ಇರಿಸಿಕೊಂಡವರು 24 ಗಂಟೆಗಳೊಳಗೆ ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮವಿದೆ. ದೀರ್ಘಕಾಲದ ವೀಸಾದ ಮೇಲೆ ಬಂದ ವಿದ್ಯಾರ್ಥಿಯು 14 ದಿನಗಳೊಳಗೆ ನೋಂದಾಯಿಸಿಕೊಳ್ಳಬೇಕು. ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಸಂಗೀತ ಕಲಿಯುವ ವಿದೇಶಿಯರಿಗೆ ವಿದ್ಯಾರ್ಥಿವೇತನವನ್ನು ಕೊಡುತ್ತದೆ. ಅದರ ವಿವರವನ್ನೂ ತರಿಸಿಡಬೇಕು.

ಅಕ್ಷರ ತಿದ್ದುವ ಕೆಲಸವನ್ನು ಮಾತ್ರ ಹಿರಿಯರು ವಹಿಸಿಕೊಳ್ಳುವುದು ಬೇಡ, ನಮಗೆ ದಾಕ್ಷಿಣ್ಯ ಅಡ್ಡ ಬರುತ್ತದೆ. ಅದನ್ನು ಏಳನೆಯ ತರಗತಿಯ ಮಕ್ಕಳಿಗೆ ಒಪ್ಪಿಸಬಹುದು. ಕತೆಯನ್ನು ಕತ್ತೆಯೆಂದರೆ ಅವರು ಮುಚ್ಚುಮರೆಯಿಲ್ಲದೆ ನಗುತ್ತಾರೆ, ಸರಿಯಾಗುವವರೆಗೂ ಹೇಳಿಸುತ್ತಾರೆ.