ಕೆಂಪು ತೆಗೆಯುವ ಹನಿ ನಮ್ಮ ಕಣ್ಣಿಗೋ, ಧಣಿಯ ಗಿರಾಕಿಗೋ?

ದೋಸೆ ಕಾವಲಿಯ ಮುಂದೆ ಹತ್ತು ತಾಸು ನಿಂತವನ ಕಣ್ಣು ಉರಿಯುತ್ತದೆ. ಮರಳು ಹೊಕ್ಕಂತೆ ಚುಚ್ಚುತ್ತದೆ. ಸಂಜೆಗೆ ಕೆಂಡದಂತೆ ಕೆಂಪಾಗುತ್ತದೆ. ಆಗ ಧಣಿಗಳ ಬಾಯಿಂದ ಬರುವ ಮಾತು ಒಂದೇ: "ಔಷಧದಂಗಡಿಯಿಂದ ಏನಾದರೂ ಹನಿ ತಂದು ಬಿಟ್ಟುಕೋ, ಗಿರಾಕಿಗಳು ನೋಡಿದರೆ ಏನೆಂದಾರು?" ಬಾಂಧವರೇ, ಈ ಮಾತಿನಲ್ಲಿರುವ ಕಾಳಜಿ ಯಾರದು? ನಮ್ಮ ಕಣ್ಣಿನದಲ್ಲ, ಗಿರಾಕಿಯದು. "ಏನಾದರೂ ಹನಿ" ಎಂಬ ಈ ಮಾತನ್ನೇ ನಾವು ಇಂದು ಎದುರಿಸಬೇಕಾಗಿದೆ.

ಮೊದಲು ರೋಗವನ್ನು ತಿಳಿಯೋಣ. ಕಣ್ಣಿನ ಮೇಲೆ ಸದಾ ಒಂದು ತೆಳು ನೀರಿನ ಪೊರೆ ಇರುತ್ತದೆ. ಅದರ ತಳದಲ್ಲಿ ಲೋಳೆ, ನಡುವೆ ನೀರು, ಮೇಲೆ ಎಣ್ಣೆಯ ಪದರ. ಒಲೆಯ ಝಳ, ಹೊಗೆ, ಮುಖಕ್ಕೆ ನೇರ ಬೀಸುವ ಫ್ಯಾನು, ಏಸಿ ಹಾಲಿನ ಒಣಗಾಳಿ, ಇವೆಲ್ಲ ಆ ಪೊರೆಯನ್ನು ಆರಿಸಿಬಿಡುತ್ತವೆ. ಬಿಲ್ಲಿನ ಯಂತ್ರವನ್ನೋ ಮೊಬೈಲನ್ನೋ ನೆಟ್ಟ ನೋಟದಿಂದ ನೋಡುವವನು ರೆಪ್ಪೆ ಬಡಿಯುವುದೂ ಕಡಿಮೆ. "ನನ್ನ ಕಣ್ಣಲ್ಲಿ ನೀರು ಸುರಿಯುತ್ತಿದೆ, ಒಣಕಣ್ಣು ಹೇಗಾದೀತು?" ಎಂದು ಕೇಳುವವರಿದ್ದಾರೆ. ಒಣಗಿ ಕೆರಳಿದ ಕಣ್ಣೇ ಹಾಗೆ ನೀರು ಸುರಿಸುತ್ತದೆ. ಆ ನೀರು ಹರಿದು ಹೋಗುವುದೇ ಹೊರತು ಪೊರೆಯಾಗಿ ನಿಲ್ಲುವುದಿಲ್ಲ.

ಇನ್ನು ಅಂಗಡಿಯವನು ಕೊಡುವ ಶೀಶೆಗಳನ್ನು ನೋಡೋಣ. ಅವು ಮೂರು ಬಗೆ.

ಒಂದು, ಕೆಂಪು ತೆಗೆಯುವ ಹನಿ. ನಾಫಜೋಲಿನ್ ಮೊದಲಾದ ಮದ್ದುಗಳು ಇದರಲ್ಲಿರುತ್ತವೆ. ಇವು ಕಣ್ಣಿನ ರಕ್ತನಾಳಗಳನ್ನು ಕುಗ್ಗಿಸುತ್ತವೆ. ಕಣ್ಣು ಬೆಳ್ಳಗೆ ಕಾಣುತ್ತದೆ, ಆದರೆ ಒಣಗುವುದು ನಿಲ್ಲುವುದಿಲ್ಲ. ದಿನವೂ ಬಿಡುತ್ತಾ ಬಂದರೆ ಮದ್ದಿನ ಬಲ ಇಳಿದೊಡನೆ ಮೊದಲಿಗಿಂತ ಹೆಚ್ಚು ಕೆಂಪಾಗುತ್ತದೆ. ಇದು ಗಿರಾಕಿಗಾಗಿ ಬಿಡುವ ಮದ್ದು, ನಮಗಾಗಿ ಅಲ್ಲ.

ಎರಡು, ಸ್ಟೀರಾಯ್ಡ್ ಹನಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂಬ ಹೆಸರುಗಳನ್ನು ನೆನಪಿಡಿ. ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರಕೂಡದೆಂದು ಕಾನೂನಿದೆ, ಆದರೂ ಮಾರುವವರಿದ್ದಾರೆ. ಎರಡೇ ದಿನದಲ್ಲಿ ಉರಿ ಇಳಿಯುತ್ತದೆ. ಅದಕ್ಕೇ ಜನ ಮರುಳಾಗುತ್ತಾರೆ. ವೈದ್ಯರ ಕಣ್ಗಾವಲಿಲ್ಲದೆ ವಾರಗಟ್ಟಲೆ ಬಿಟ್ಟರೆ ಹಲವರಲ್ಲಿ ಕಣ್ಣಿನೊಳಗಿನ ಒತ್ತಡ ಏರುತ್ತದೆ. ನೋವಿಲ್ಲದೆ, ಸುಳಿವಿಲ್ಲದೆ ಕಣ್ಣಿನ ನರ ಸಾಯುತ್ತದೆ. ಹಾಗೆ ಹೋದ ದೃಷ್ಟಿ ಮರಳಿ ಬಾರದು. ವೈದ್ಯರು ನೋಡಿ ಬರೆದರೆ ಅದು ಮದ್ದು. ಅಂಗಡಿಯವನು ಊಹಿಸಿ ಕೊಟ್ಟರೆ ವಿಷ.

ಮೂರು, ಕೃತಕ ಕಣ್ಣೀರು. ಒಣಕಣ್ಣಿಗೆ ಮೊದಲು ಬೇಕಾದುದು ಇದೇ. ಶೀಶೆಯ ಮೇಲೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಹೈಪ್ರೊಮೆಲೋಸ್ ಅಥವಾ ಸೋಡಿಯಂ ಹೈಯಲುರೊನೇಟ್ ಎಂದಿರುತ್ತದೆ. ಓದಲು ಬಾರದಿದ್ದರೆ ಓದಬಲ್ಲವರಿಂದ ಓದಿಸಿ; ನಾಚಿಕೆಯೇನಿಲ್ಲ. ಮದ್ದು ಕೆಡದಿರಲೆಂದು ಅನೇಕ ಶೀಶೆಗಳಲ್ಲಿ ಬೆಂಜಾಲ್ಕೋನಿಯಂ ಎಂಬ ರಾಸಾಯನಿಕ ಹಾಕಿರುತ್ತಾರೆ. ಪದೇ ಪದೇ ಬಿದ್ದರೆ ಅದೇ ಕಣ್ಣನ್ನು ಕೆರಳಿಸುತ್ತದೆ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬಿಡಬೇಕಾದವರು ಅಂಥ ರಾಸಾಯನಿಕವಿಲ್ಲದ, ಒಮ್ಮೆ ಬಳಸಿ ಎಸೆಯುವ ಸಣ್ಣ ಕೊಳವೆಗಳನ್ನು ಕೇಳಿ ಪಡೆಯಿರಿ.

ಎಂಟು ಜನರ ಖೋಲಿಗೆ ಒಂದೇ ಶೀಶೆ ಎಂಬ ಪದ್ಧತಿ ಇಂದೇ ನಿಲ್ಲಲಿ. ಒಬ್ಬನ ಶೀಶೆ ಇನ್ನೊಬ್ಬನಿಗೆ ಸಲ್ಲದು. ಕೈ ತೊಳೆದು, ಕೆಳರೆಪ್ಪೆ ಎಳೆದು, ಶೀಶೆಯ ಮೂತಿ ಕಣ್ಣಿಗೆ ತಾಗದಂತೆ ಒಂದು ಹನಿ ಬಿಟ್ಟರೆ ಸಾಕು. ಒಡೆದ ಶೀಶೆಯನ್ನು ತಿಂಗಳಾದ ಮೇಲೆ ಎಸೆಯಿರಿ. ಊರಿನ ರೂಢಿಯೆಂದು ನಂದಿಬಟ್ಟಲ ಹೂವಿನ ರಸ, ಜೇನು ಹಿಂಡಬೇಡಿ. ಕಾರ್ಖಾನೆಯ ಮದ್ದೇ ಮಲಿನವಾದರೆ ಏನಾಗುತ್ತದೆಂದು 2023ರಲ್ಲಿ ಜಗತ್ತು ಕಂಡಿತು. ಭಾರತದಲ್ಲಿ ತಯಾರಾದ ಒಂದು ಕೃತಕ ಕಣ್ಣೀರಿಗೆ ಸಂಬಂಧಿಸಿದ ಸೋಂಕು ಅಮೆರಿಕದ 18 ರಾಜ್ಯಗಳ 81 ಜನರಿಗೆ ತಗುಲಿತು. 14 ಜನ ದೃಷ್ಟಿ ಕಳೆದುಕೊಂಡರು, 4 ಜನ ಸತ್ತರು. ಹೀಗಿರುವಾಗ ಅಡುಗೆಮನೆಯ ಕೈಯಿಂದ ಹಿಂಡಿದ ರಸವನ್ನು ನಂಬುವುದೆಂತು?

ಆದರೆ ಹನಿಯೊಂದರಿಂದಲೇ ಎಲ್ಲ ಮುಗಿಯಿತೆನ್ನುವವರನ್ನೂ ನಾವು ಒಪ್ಪುವುದಿಲ್ಲ. ಗಿರಣಿಯಲ್ಲಿ ದುಡಿದ ಹಿರಿಯರನ್ನು ಕೇಳಿ. ಒಣಹವೆಗೆ ನೂಲು ತುಂಡಾದೀತೆಂದು ನೇಯುವ ಖಾತೆಯ ಗಾಳಿಗೆ ನೀರಿನ ತೇವ ಬೆರೆಸುತ್ತಿದ್ದರು. ನೂಲಿನ ಮೇಲಿದ್ದ ಮರುಕ ಅರಳೆಯ ಧೂಳು ತುಂಬಿಕೊಂಡ ಕಣ್ಣುಗಳ ಮೇಲೆ ಇತ್ತೇ? 1982ರ ಮುಷ್ಕರದ ನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು; ಲೆಕ್ಕಾಚಾರ ಮಾತ್ರ ಹೋಟೆಲಿನ ಅಡುಗೆಮನೆಯಲ್ಲಿ ಇನ್ನೂ ಹಾಗೇ ಇದೆ. ಗಿರಾಕಿ ಕೂರುವಲ್ಲಿ ಏಸಿ, ಭಟ್ಟರು ನಿಲ್ಲುವಲ್ಲಿ ಹೊಗೆ!

"ಚಿಮಣಿಗೆ ಖರ್ಚಾಗುತ್ತದೆ" ಎನ್ನುತ್ತಾರೆ ಧಣಿಗಳು. ಹನಿಗೆ ಖರ್ಚಾಗುವುದಿಲ್ಲವೇ? ಅದು ನಮ್ಮ ಸಂಬಳದಿಂದ ಹೋಗುವುದರಿಂದ ಅವರಿಗೆ ಕಾಣಿಸುವುದಿಲ್ಲ, ಅಷ್ಟೆ. ನಮ್ಮ ಬೇಡಿಕೆ ಸ್ಪಷ್ಟ: ಹೊಗೆ ಎಳೆಯುವ ಚಿಮಣಿ, ಕೆಲಸ ಮಾಡುವ ಎಕ್ಸಾಸ್ಟ್ ಫ್ಯಾನು, ಒಲೆಯ ಮುಂದೆ ಸರದಿ ಬದಲಾವಣೆ, ನಡುವೆ ಬಿಡುವು. ಇ.ಎಸ್.ಐ. ಸಲ್ಲುವ ಪ್ರತಿಯೊಬ್ಬನ ಕೈಗೂ ಅದರ ಕಾರ್ಡು. ಕಾರ್ಡಿದ್ದರೆ ವೈದ್ಯರೂ ಮದ್ದೂ ಹಕ್ಕಿನಿಂದ ಸಿಗುತ್ತವೆ. ಧಣಿಯ ಮುಂದೆ ಕೈಚಾಚಬೇಕಾಗಿಲ್ಲ.

ನೋವು ಹೆಚ್ಚಿದರೆ, ನೋಟ ಮಂಜಾದರೆ, ಬೆಳಕು ಚುಚ್ಚಿದರೆ, ಕೀವು ಬಂದರೆ ಹನಿಗಾಗಿ ಹುಡುಕಬೇಡಿ. ಕಾರ್ಡಿಲ್ಲದವರು ಪರೇಲಿನ ಕೆ.ಇ.ಎಂ. ಅಥವಾ ಭಾಯಖಳದ ಜೆ.ಜೆ. ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಆ ದಿನವೇ ಹೋಗಿ. ಅರ್ಧ ದಿನದ ಸಂಬಳ ಕಡಿದಾರೆಂದು ಹೆದರುವವರು ಸಂಘಕ್ಕೆ ಬನ್ನಿ. ಆ ಜಗಳ ನಮಗಿರಲಿ. ಕಡಿದ ಸಂಬಳವನ್ನು ಹೋರಾಡಿ ತರಬಹುದು, ಹೋದ ಕಣ್ಣನ್ನು ಯಾವ ಸಂಘವೂ ತರಲಾರದು.