ಫ್ರಾಂಜ್ ಅಜ್ಜಿಯ ಜೊತೆ ಯಾವ ಭಾಷೆ ಆಡುತ್ತಿದ್ದ?

ಕಳೆದ ತಿಂಗಳು ಒಂದು ಭಾನುವಾರ, ಪುಣೆಯಲ್ಲೇ ಇರುವ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಹನ್ನೆರಡನೇ ತರಗತಿಯ ಅಕ್ಕನ ಮಗಳು ಇಂಗ್ಲಿಷ್ ಪಾಠದ ಉತ್ತರ ಬರೆಯುತ್ತಿದ್ದಳು. ಎನ್‌ಸಿಇಆರ್‌ಟಿ ಪಠ್ಯ 'ಫ್ಲಮಿಂಗೋ'ದ ಮೊದಲ ಪಾಠ, ಫ್ರೆಂಚ್ ಲೇಖಕ ಅಲ್ಫಾನ್ಸ್ ದೋದೆಯ 'ದಿ ಲಾಸ್ಟ್ ಲೆಸನ್'.

1870–71ರ ಯುದ್ಧದಲ್ಲಿ ಫ್ರಾನ್ಸ್ ಸೋತು ಅಲ್ಸೇಸ್ ಪ್ರಾಂತ್ಯ ಜರ್ಮನಿಯ ಪಾಲಾಗುತ್ತದೆ. ಇನ್ನು ಶಾಲೆಗಳಲ್ಲಿ ಜರ್ಮನ್ ಮಾತ್ರ ಎಂದು ಬರ್ಲಿನ್‌ನಿಂದ ಆದೇಶ ಬರುತ್ತದೆ. ಫ್ರೆಂಚ್ ಪಾಠದ ಕೊನೆಯ ದಿನ, ಓದಿನಲ್ಲಿ ಸೋಮಾರಿಯಾದ ಫ್ರಾಂಜ್‌ಗೆ ತಾನು ಕಳೆದುಕೊಳ್ಳುತ್ತಿರುವುದು ಏನೆಂದು ಅರಿವಾಗುತ್ತದೆ. ಹಿಂದಿನ ಬೆಂಚುಗಳಲ್ಲಿ ಊರ ಹಿರಿಯರೂ ಬಂದು ಕೂತಿರುತ್ತಾರೆ.

"ಕಥೆಯ ಸಂದೇಶವೇನು?" ಎಂಬ ಪ್ರಶ್ನೆಗೆ ಹುಡುಗಿ ಗೈಡ್ ನೋಡಿ 'ಮಾತೃಭಾಷೆಯ ಪ್ರೇಮ' ಎಂದು ಅರ್ಧ ಪುಟ ಬರೆದಾಗಿತ್ತು. ಪೆನ್ನು ಕೆಳಗಿಟ್ಟು ಕೇಳಿದಳು: "ಮಾಮಾ, ಈ ಫ್ರಾಂಜ್ ಮನ್ಯಾಗ ಅಜ್ಜಿ ಜೋಡಿ ಯಾವ ಭಾಷಾ ಮಾತಾಡ್ತಿದ್ದ? ಫ್ರೆಂಚ್ ನಿಮ್ಮ ಭಾಷಾ ಅಂತಾರ ಮಾಸ್ತರು. ಆದ್ರ ಇವನಿಗೆ ಅದ ಸರಿಯಾಗಿ ಬರಂಗಿಲ್ಲ."

"ಪರೀಕ್ಷಾದಾಗ ಅದನ್ನ ಕೇಳಂಗಿಲ್ಲ, ಬರಿ ನೀ" ಎಂದುಬಿಟ್ಟೆ.

ಊಟಕ್ಕೆ ಕೂತಾಗ ನನಗೇ ನಾಚಿಕೆಯಾಯಿತು. ಆಫೀಸಿನಲ್ಲಿ ಹೊಸಬರು ಇಂಥ ಪ್ರಶ್ನೆ ಕೇಳಿದರೆ ಎಲ್ಲರೆದುರು ಹೊಗಳುವವನು ನಾನು! ಊಟ ಮುಗಿಸಿ ಇಬ್ಬರೂ ಕೂತು ಹುಡುಕಿದೆವು. ಆಗಿನ ಅಲ್ಸೇಸ್ ಹಳ್ಳಿಗಳಲ್ಲಿ ಬಹುತೇಕರ ಮನೆಮಾತು ಫ್ರೆಂಚ್ ಅಲ್ಲ, ಜರ್ಮನ್ ಬಳಗದ ಅಲ್ಸೇಷಿಯನ್. ಅಲ್ಸೇಷಿಯನ್ ಎಂದರೆ ನಾಯಿ ಎಂದಷ್ಟೇ ನಾನು ತಿಳಿದಿದ್ದೆ. ಅಂದರೆ ಫ್ರಾಂಜ್‌ನಂಥ ಹುಡುಗರಿಗೆ ಫ್ರೆಂಚ್ ಶಾಲೆಯ ಭಾಷೆ. ಬರಲಿದ್ದ ಪುಸ್ತಕದ ಜರ್ಮನ್ನೂ ಅಜ್ಜಿಯ ಮಾತಲ್ಲ. ಕಥೆಯಲ್ಲಿ ಅಜ್ಜಿಯ ಮಾತಿನ ಸುದ್ದಿಯೇ ಇಲ್ಲ.

"ಹಂಗಾರ ಅವನ ಫ್ರೆಂಚ್ ಅಂದ್ರ ನನ್ನ ಇಂಗ್ಲಿಷ್ ಇದ್ದಂಗ" ಎಂದಳು.

ಇದರಿಂದ ಕಥೆ ಸಣ್ಣದಾಗಲಿಲ್ಲ. ಸೋತ ದೇಶದ ನೋವನ್ನು ದೋದೆ ಬರೆದ. ಅವನು ಬರೆಯದೆ ಬಿಟ್ಟದ್ದು ಪುಣೆಯ ಹುಡುಗಿಯೊಬ್ಬಳಿಗೆ ಕಂಡಿತು.

ಮರುದಿನ ಅವಳು ಇದನ್ನೇ ತರಗತಿಯಲ್ಲಿ ಕೇಳಿದಳಂತೆ. ಟೀಚರ್ ಬೈಯಲಿಲ್ಲ. ತಾನೂ ಯೋಚಿಸಿರಲಿಲ್ಲ ಎಂದು ಒಪ್ಪಿಕೊಂಡು, ಪಾಠ ನಿಲ್ಲಿಸಿ, ನೀವೆಲ್ಲ ಅಜ್ಜಿಯ ಜೊತೆ ಯಾವ ಭಾಷೆ ಆಡುತ್ತೀರಿ ಎಂದು ಕೇಳಿದರಂತೆ. ಮರಾಠಿ, ಮಾರವಾಡಿ, ಕೊಂಕಣಿ, ತೆಲುಗು ಬಂದವು. ಎಂದೂ ಬಾಯಿ ಬಿಡದ ಹುಡುಗನೊಬ್ಬ "ಅಹಿರಾಣಿ" ಎಂದ. ಅದು ಖಾನ್‌ದೇಶದ ಮಾತು. ಹಳ್ಳಿಯವನೆಂದು ನಕ್ಕಾರೆಂದು ಎರಡು ವರ್ಷ ಯಾರಿಗೂ ಹೇಳಿರಲಿಲ್ಲವಂತೆ. ನಮ್ಮ ಹುಡುಗಿ ಹೇಳಿದ್ದು: ಕನ್ನಡ, ಆದರೆ ಓದಲು ಬರುವುದಿಲ್ಲ.

ಪರೀಕ್ಷೆಯಲ್ಲಿ ಅವಳು ಗೈಡಿನ ಉತ್ತರವನ್ನೇ ಬರೆಯುತ್ತಾಳೆ. ಅಂಕ ಬೇಕು, ತಪ್ಪೇನಿಲ್ಲ. ಆದರೆ ಮನೆಯಲ್ಲಿ ನಾವು ಪರೀಕ್ಷಕರಾಗಬೇಕಿಲ್ಲವಲ್ಲ? ಸಂದೇಶವೇನು ಎಂದು ಕೇಳಿದರೆ ಮಕ್ಕಳು ಗೈಡ್ ತೆರೆಯುತ್ತಾರೆ. "ಓದುವಾಗ ಎಲ್ಲಿ ಅನುಮಾನ ಬಂತು?" ಎಂದು ಕೇಳಿ ನೋಡಿ, ಪಾಠವನ್ನೇ ಮತ್ತೆ ತೆರೆಯುತ್ತಾರೆ. ಉತ್ತರ ನಮಗೆ ಗೊತ್ತಿರಬೇಕೆಂದಿಲ್ಲ. ಜೊತೆಗೆ ಕೂತು ಹುಡುಕಿದರೆ ಸಾಕು.

ಈಗ ಭಾನುವಾರಗಳಂದು ನಾನೂ ಅವಳೂ ಕನ್ನಡ ಅಕ್ಷರ ತಿದ್ದುತ್ತಿದ್ದೇವೆ. ಒತ್ತಕ್ಷರದವರೆಗೆ ಬಂದಿದ್ದೇವೆ. ಧಾರವಾಡದಲ್ಲಿರುವ ಅವ್ವ ಮೊಮ್ಮಗಳಿಗೆ ಪತ್ರ ಬರೆಯುತ್ತೇನೆಂದಿದ್ದಾಳೆ.