ಇಡ್ಲಿ ಹೋಟ್ಲಿನೋರ್ನ ಬೈದು, ಒಬ್ಬಟ್ಟಿಗೆ ಎಣ್ಣೆ ಕವರ್ ಹಾಸೋ ನಾವು

ಈ ಸಲ ಬರೆದಿರೋದು ಓದಿ ಕೆಲವರಿಗೆ ಕೋಪ ಬರಬಹುದು. ಬರಲಿ. ಮೊದಲು ಬೈಸಿಕೊಳ್ಳಬೇಕಾದವಳು ನಾನೇ, ಅದನ್ನೂ ಬಚ್ಚಿಡದೆ ಬರೆದಿದ್ದೀನಿ. ಕೊನೆ ತನಕ ಓದಿ, ಆಮೇಲೆ ಬೈಯಿರಿ.

2025ರ ಫೆಬ್ರವರಿ ಕೊನೆ ನೆನಪೈತಾ? ಹೋಟ್ಲುಗಳಲ್ಲಿ ಇಡ್ಲಿ ತಟ್ಟೆಗೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸ್ತಾರೆ ಅಂತ ಆಹಾರ ಇಲಾಖೆಯೋರು ತಪಾಸಣೆ ಮಾಡಿ ಹಿಡಿದ್ರು. ಆರೋಗ್ಯ ಸಚಿವರು ದಿನೇಶ್ ಗುಂಡೂರಾವ್, ಇನ್ಮೇಲೆ ಇಡ್ಲಿಗೆ ಪ್ಲಾಸ್ಟಿಕ್ ಹಾಕಂಗಿಲ್ಲ ಅಂತ ಹೇಳಿದ್ರು. ಅವತ್ತು ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಎಷ್ಟು ಬೈಗುಳ! "ಇವರಿಗೆ ಮನುಷ್ಯತ್ವ ಐತಾ", "ದುಡ್ಡಿಗೋಸ್ಕರ ವಿಷ ಹಾಕ್ತಾರೆ", "ಇನ್ನು ಹೋಟ್ಲು ಮೆಟ್ಟಿಲು ಹತ್ತಲ್ಲ". ನಾನೂ ಬರೆದೆ, ಎರಡು ಸಲ ಬರೆದೆ.

ಆದ ಒಂದು ತಿಂಗಳಿಗೆ, ಮಾರ್ಚ್ 30ಕ್ಕೆ ಯುಗಾದಿ. ನಮ್ಮ ಕುಣಿಗಲ್ ಮನೇಲಿ ಎಲ್ಲಾ ಸೇರಿದ್ವಿ. ವಾರಗಿತ್ತಿಯರು, ನಾದಿನಿ, ಸೊಸೆ, ಮಕ್ಕಳು ಮರಿ. ಹೂರಣ ರುಬ್ಬಾಯ್ತು, ಕಣಕ ನೆನೆದಾಯ್ತು. ತಟ್ಟೋಕೆ ಕೂತಾಗ ಏನು ತಗೊಂಡ್ವಿ? ಕತ್ತರಿಸಿ ತೊಳೆದಿಟ್ಟಿದ್ದ ಎಣ್ಣೆ ಕವರ್. ಅದು ಸಾಲಲಿಲ್ಲ ಅಂತ ಹಾಲಿನ ಕವರ್ ಬೇರೆ. ಇಡ್ಲಿಯೋರ್ನ ಬೈದ ಕೈಗಳೇ ಕವರಿಗೆ ಎಣ್ಣೆ ಸವರಿ, ಉಂಡೆ ಇಟ್ಟು, ತಟ್ಟಿ, ಕವರ್ ಸಮೇತ ಕಾದ ಹೆಂಚಿನ ಮೇಲೆ ಮಗುಚಿದ್ವು. ಒಬ್ಬರಿಗೂ ನೆನಪಾಗಲಿಲ್ಲ. ಅಲ್ಲ, ಒಬ್ಬಳಿಗೆ ನೆನಪಾಯ್ತು.

ನನ್ನ ಸೊಸೆ ಮನೇಲೇ ಕೇಕ್ ಮಾಡಿ ಕೊಡ್ತಾಳೆ. ಹುಟ್ಟಿದ ಹಬ್ಬ, ನಾಮಕರಣ ಅಂತ ಸುತ್ತಮುತ್ತಲೋರು ಹೇಳಿ ಹೋಗ್ತಾರೆ. ಅವಳು ರೂಮಿಂದ ತನ್ನ ಕೇಕಿನ ಮ್ಯಾಟು ತಂದು, "ಅತ್ತೆ, ಕವರ್ ಬ್ಯಾಡ, ಇದರ ಮೇಲೆ ತಟ್ಟಿ" ಅಂದ್ಲು. ನಮ್ಮ ದೊಡ್ಡ ವಾರಗಿತ್ತಿ, "ಒಬ್ಬಟ್ಟಿಗೂ ಚಾಪೆ ಹಾಸಿ ಮಲಗಿಸ್ತಾಳೇನೇ ಇವಳು" ಅಂದ್ರು. ಎಲ್ಲಾ ನಕ್ಕರು. ನಾನೂ ನಕ್ಕೆ. ಆ ಹುಡುಗಿ ಮ್ಯಾಟು ಸುತ್ತಿಕೊಂಡು ಸುಮ್ಮನೆ ಒಳಗೆ ಹೋದ್ಲು.

ಹತ್ತು ಹನ್ನೆರಡು ಒಬ್ಬಟ್ಟು ಆಗಿರಬೇಕು. ನಾನು ಮಗುಚಿ ಹಾಕೋವಾಗ ಕವರಿನ ಅಂಚು ಹೆಂಚಿಗೆ ತಗುಲ್ತು. ಕಣ್ಣು ಮುಚ್ಚಿ ಬಿಡೋದ್ರಲ್ಲಿ ಮುದುರಿಕೊಂಡ್ತು. ಎಳೆದೆ, ಬಂತು ಅಂದುಕೊಂಡೆ. ಆ ಒಬ್ಬಟ್ಟಿಗೆ ತುಪ್ಪ ಹಾಕಿ ಎರಡು ವರ್ಷದ ಮೊಮ್ಮಗನಿಗೆ ಮುರಿದು ಕೊಡೋಕೆ ಹೋದಾಗ ಅದರ ಅಂಚಲ್ಲಿ ಉಗುರಿನಷ್ಟು ಅಗಲ, ಗಾಜಿನ ಥರ ಹೊಳೆಯೋದು ಏನೋ ಅಂಟಿತ್ತು. ಪ್ಲಾಸ್ಟಿಕ್. ಕಂಡಿದ್ದಕ್ಕೆ ಸರಿ. ಅದಕ್ಕೆ ಮುಂಚೆ ನಾವೆಲ್ಲಾ ತಿಂದಿದ್ವಲ್ಲ ಹತ್ತು ಒಬ್ಬಟ್ಟು, ಅದರಲ್ಲಿ ಏನೇನಿತ್ತೋ ನೋಡಿದೋರ್ಯಾರು?

ಈಗ ನಿಮ್ಮ ಮಾತುಗಳಿಗೆ ಬರ್ತೀನಿ. ನೀವು ಏನಂತೀರ ಅಂತ ನನಗೆ ಗೊತ್ತು, ಯಾಕಂದ್ರೆ ಇಷ್ಟು ವರ್ಷ ನಾನೂ ಅದನ್ನೇ ಅಂತಿದ್ದೆ.

"ಕವರ್ ಹೆಂಚಿಗೆ ತಗುಲೋದು ಒಂದು ಕ್ಷಣ ಅಷ್ಟೇ." ಆ ಒಂದು ಕ್ಷಣದಲ್ಲೇ ಅಲ್ವಾ ಮುದುರಿಕೊಂಡಿದ್ದು? ಹಾಲಿನ ಕವರ್ ಮಾಡೋ ಪಾಲಿಥಿನ್ ಹೆಚ್ಚೂಕಮ್ಮಿ 110ರಿಂದ 120 ಡಿಗ್ರಿಗೇ ಕರಗೋಕೆ ಶುರು ಆಗ್ತೈತೆ. ಒಬ್ಬಟ್ಟು ಬೇಯೋ ಹೆಂಚು ಸಲೀಸಾಗಿ 150 ದಾಟಿರ್ತೈತೆ. ಆ ಕವರ್ ಮಾಡಿರೋದು ತಣ್ಣಗಿರೋ ಹಾಲು ತುಂಬೋಕೆ. ಹೆಂಚಿನ ಹತ್ರ ತಗೊಂಡು ಹೋಗಿದ್ದು ನಾವು, ಕವರ್ ಮಾಡಿದೋರ ತಪ್ಪೇನಿಲ್ಲ.

"ಎಣ್ಣೆ ಕವರ್ ಊಟದ ಪದಾರ್ಥ ಇಡೋಕೇ ಮಾಡಿದ್ದಲ್ವಾ." ಹೌದು, ಒಳಗಡೆ ಮಗ್ಗುಲು, ತಣ್ಣಗೆ, ಒಂದು ಸಲ. ಹೊರಗಡೆ ಮಗ್ಗುಲಲ್ಲಿ ಬಣ್ಣದ ಅಚ್ಚು ಐತೆ. ಕವರ್ ಮಡಿಸಿ ಮೇಲೊಂದು ಕೆಳಗೊಂದು ಮಾಡಿ ತಟ್ಟೋವಾಗ ಆ ಬಣ್ಣದ ಮೇಲೇ ಅಲ್ವಾ ನಮ್ಮ ಬೆರಳು ಉಜ್ಜೋದು? ಅದೇ ಬೆರಳಲ್ಲೇ ಅಲ್ವಾ ಮುಂದಿನ ಉಂಡೆ ಮಾಡೋದು? ಇನ್ನೊಂದು ತಿಳ್ಕೊಳ್ಳಿ: ಪ್ಲಾಸ್ಟಿಕ್ಕಿನಲ್ಲಿ ಸೇರಿಸಿರೋ ರಾಸಾಯನಿಕ ಊಟಕ್ಕೆ ಇಳಿಯೋದು ಬಿಸಿ ಇದ್ರೆ ಜಾಸ್ತಿ, ಜಿಡ್ಡಿದ್ರೆ ಇನ್ನೂ ಜಾಸ್ತಿ. ಒಬ್ಬಟ್ಟಿನಲ್ಲಿ ಎರಡೂ ಐತೆ.

"ಇಷ್ಟು ವರ್ಷ ತಿಂದಿದ್ದೀವಿ, ಏನಾಗೈತೆ?" ಒಬ್ಬಟ್ಟು ತಿಂದೋರಿಗೆಲ್ಲಾ ಕಾಯಿಲೆ ಬರ್ತೈತೆ ಅಂತ ನಾನು ಹೆದರಿಸೋಕೆ ಬಂದಿಲ್ಲ. ಅಂಥ ಸುಳ್ಳು ಹೇಳಲ್ಲ. ಬ್ಯಾಡದೇ ಇರೋದು ಹೊಟ್ಟೆಗೆ ಯಾಕೆ ಹೋಗಬೇಕು ಅನ್ನೋದಷ್ಟೇ ನನ್ನ ಪ್ರಶ್ನೆ. ಹೂರಣಕ್ಕೆ ಬೇಳೆ ಆರಿಸೋವಾಗ ಒಂದು ಕಲ್ಲು ಸಿಕ್ಕಿದ್ರೆ, ಇಷ್ಟು ದಿನ ತಿಂದಿದ್ದೀವಲ್ಲ ಅಂತ ಬಿಡ್ತೀವಾ?

"ನಮ್ಮಮ್ಮ ಹಂಗೇ ಮಾಡ್ತಿದ್ದದ್ದು." ಇದು ಮಾತ್ರ ನಿಜ ಅಲ್ಲ ಕಣ್ರಮ್ಮ. ನೆನಪು ಮಾಡ್ಕೊಳ್ಳಿ. ನಮ್ಮಮ್ಮ ಹಿತ್ತಲಿಂದ ಬಾಳೆ ಎಲೆ ತರ್ತಿದ್ಲು. ಎಣ್ಣೆ ಕವರಲ್ಲಿ ಬರೋಕೆ ಶುರು ಆಗಿದ್ದೇ ನಾವು ದೊಡ್ಡೋರಾದ ಮೇಲೆ. ಅದಕ್ಕೆ ಮುಂಚೆ ಡಬ್ಬಿ, ಇಲ್ಲಾ ಗಾಣದಿಂದ ಪಾತ್ರೇಲಿ. ಹಿತ್ತಲು ಹೋಗಿ ಸೈಟಾಯ್ತು, ಬಾಳೆ ಗಿಡ ಹೋಯ್ತು, ಕವರ್ ಬಿಟ್ಟಿ ಸಿಕ್ತು. ಅಷ್ಟೇ. ಮೂವತ್ತು ನಲವತ್ತು ವರ್ಷದ ಅಭ್ಯಾಸವನ್ನ ಸಂಪ್ರದಾಯ ಅಂತ ಕರೀಬ್ಯಾಡಿ.

ಬಾಳೆ ಎಲೆ ಹರಿದೋಗ್ತೈತೆ ಅನ್ನೋರಿಗೆ ಒಂದು ಮಾತು. ಹಸಿ ಎಲೆ ಹರಿಯೋದೇ. ನಡು ದಂಟು ತೆಗೆದು, ಒಲೆ ಸಣ್ಣ ಉರಿ ಮೇಲೆ ಎರಡೂ ಕಡೆ ಆಡಿಸಬೇಕು. ಬಣ್ಣ ಕಡು ಹಸಿರಿಗೆ ತಿರುಗಿ ಎಲೆ ಬಟ್ಟೆ ಥರ ಮೆತ್ತಗಾಗ್ತೈತೆ. ಒರೆಸಿ, ಎಣ್ಣೆ ಸವರಿ ತಟ್ಟಿ. ಎಲೆ ಸಮೇತ ಹೆಂಚಿಗೆ ಮಗುಚಿ, ವಸಿ ಹೊತ್ತು ಬಿಟ್ಟು ಎತ್ತಿದ್ರೆ ಎಲೆ ತಾನಾಗೇ ಬಿಡ್ತೈತೆ. ಒಂದು ತುಂಡಲ್ಲಿ ಐದಾರು ಒಬ್ಬಟ್ಟು ಆರಾಮಾಗಿ ಆಗ್ತೈತೆ. ಅಂಚು ಸುಟ್ಟರೂ ಅದು ಎಲೆ, ಭಯ ಇಲ್ಲ. ಎಲೆ ಸಿಕ್ಕೋರು ಎಲೆ ಬಿಟ್ಟು ಬ್ಯಾರೆ ಏನೂ ಹುಡುಕೋದು ಬ್ಯಾಡ.

ಸಿಗದೇ ಇರೋರು ಮ್ಯಾಟು ತಗೊಳ್ಳಿ. ಇಲ್ಲಿ ನನ್ನ ಸೊಸೆ ವಿಷಯಕ್ಕೆ ಮತ್ತೆ ಬರಬೇಕು.

ಯುಗಾದಿ ಆದ ಮೇಲೆ ಒಂದಿನ ಅವಳು ಕೇಕಿಗೆ ಫಾಂಡೆಂಟ್ ಹೊದಿಸ್ತಿದ್ಲು. ಗೊತ್ತಿಲ್ಲದೋರಿಗೆ ಹೇಳ್ತೀನಿ, ಫಾಂಡೆಂಟ್ ಅಂದ್ರೆ ಸಕ್ಕರೆ ಪುಡಿದು ಕಣಕ ಅಂದುಕೊಳ್ಳಿ. ಅದನ್ನ ಲಟ್ಟಿಸಿ ಕೇಕಿನ ಮೇಲೆ ಸೀರೆ ಥರ ಹೊದಿಸೋದು. ಅವಳು ಮ್ಯಾಟು ಸಮೇತ ಆ ಹಾಳೆ ಎತ್ತಿ, ಕೇಕಿನ ಮೇಲೆ ಮಗುಚಿ, ಅಂಚಿಂದ ನಿಧಾನಕ್ಕೆ ಮ್ಯಾಟು ಬಿಡಿಸಿದ್ಲು. ನಾನು ನೋಡ್ತಾ ನಿಂತುಬಿಟ್ಟೆ. ನಮ್ಮಮ್ಮ ಎಲೆ ಮಗುಚಿ ಬಿಡಿಸ್ತಿದ್ದ ಕೈ ಅದೇ! ಒಂದು ಬೆರಳೂ ವ್ಯತ್ಯಾಸ ಇಲ್ಲ. ನಾವು ನಕ್ಕಿದ್ದು ಯಾವುದಕ್ಕೆ ಅಂತ ಅವತ್ತು ನಾಚಿಕೆ ಆಯ್ತು. "ನಿನ್ನ ಮ್ಯಾಟು ಒಂದು ನನಗೂ ಬೇಕು ಕಣವ್ವ" ಅಂದೆ. ಆಮೇಲೆ ಅವಳ ಹತ್ರ ಕಲಿತಿದ್ದನ್ನೇ ಇಲ್ಲಿ ಬರೀತೀನಿ.

ಅಂಗಡೀಲಿ ಮ್ಯಾಟು ಅಂತ ಮೂರು ಥರ ಕೊಡ್ತಾರೆ. ಒಂದು, ಫ್ರಿಜ್ಜಿನೊಳಗೆ ಹಾಸೋ ಮೆತ್ತನೆ ಪ್ಲಾಸ್ಟಿಕ್. ನಮ್ಮ ಬೀದೀಲೇ ಒಬ್ಬರು ಅದನ್ನ ಕತ್ತರಿಸಿ ರೊಟ್ಟಿ ತಟ್ಟೋಕೆ ಇಟ್ಟುಕೊಂಡವ್ರೆ. ಅದು ಎಣ್ಣೆ ಕವರಿನ ಅಕ್ಕ ಅಷ್ಟೇ, ಬ್ಯಾಡ. ಎರಡನೇದು, ಪೂರ್ತಿ ಸಿಲಿಕೋನಿಂದು. ಇದು ರಬ್ಬರ್ ಥರ ಬಾಗ್ತೈತೆ, 200 ಡಿಗ್ರಿ ಬಿಸಿಗೂ ಕರಗಲ್ಲ. ಕಾರ್ಖಾನೆ ಮಾಲೇ, ಬಾಳೆ ಎಲೆಗೆ ಸಮ ಅಂತ ನಾನು ಹೇಳಲ್ಲ. ಆದ್ರೆ ಊಟದ ಬಳಕೆಗೆ ಮಾಡಿದ್ದು. ಮೂರನೇದು, ಸಿಲಿಕೋನ್ ಒಳಗೆ ಜಾಲರಿ ಇರೋದು, ಓವನ್ ತಟ್ಟೆಗೆ ಹಾಸೋಕೆ. ಆ ಜಾಲರಿ ಗಾಜಿನ ನಾರು. ಇದನ್ನ ನೆನಪಿಡಿ, ಆಮೇಲೆ ಬರ್ತೀನಿ.

ತಗೊಳ್ಳೋವಾಗ ಮೂಗಿಗೆ ಹಿಡಿದು ನೋಡಿ. ಗಬ್ಬು ರಬ್ಬರ್ ವಾಸನೆ ಹೊಡೆದ್ರೆ ಅಲ್ಲೇ ಬಿಡಿ. ಆಹಾರ ಬಳಕೆಗೆ ಅಂತ ಡಬ್ಬದ ಮೇಲೆ ಬರೆದಿರಬೇಕು. ಮೇಲೆ ಹೂವು ಬಳ್ಳಿ ಉಬ್ಬಿರೋದು ಬ್ಯಾಡ, ಅದು ಅಲಂಕಾರದ ಅಚ್ಚು ಒತ್ತೋಕೆ, ಲಟ್ಟಿಸೋಕಲ್ಲ. ಸುತ್ತಿನ ಅಳತೆ ಗೆರೆ ಹಾಕಿರೋದು ಒಳ್ಳೇದು. ಒಬ್ಬಟ್ಟಿಗೆ, ಅಕ್ಕಿ ರೊಟ್ಟಿಗೆ 12 ಇಂಚು ಸಾಕು. ಕೇಕಿಗಾದ್ರೆ ಲೆಕ್ಕ ಹಾಕಬೇಕು: ಕೇಕಿನ ಅಗಲಕ್ಕೆ ಎತ್ತರದ ಎರಡರಷ್ಟು ಸೇರಿಸಿ, ಮೇಲೊಂದು ಇಂಚು. 8 ಇಂಚಿನ ಅಗಲ, 4 ಇಂಚಿನ ಎತ್ತರದ ಕೇಕಿಗೆ 17 ಇಂಚಿನ ಹಾಳೆ ಲಟ್ಟಿಸಬೇಕು. ಅದಕ್ಕೆ 20 ಇಂಚಿನ ಮ್ಯಾಟಾದ್ರೂ ಬೇಕು. ಚಿಕ್ಕದು ತಂದು ಹಾಳೆ ಅಂಚು ಕಲ್ಲಿಗೆ ಅಂಟಿಸಿಕೊಂಡು ಅಳೋರು ಎಷ್ಟೋ ಜನ ಅಂತೆ.

ಬಳಸೋದು ಹೆಂಗೆ? ಅಡಿಗೆ ಕಟ್ಟೆ ಒದ್ದೆ ಬಟ್ಟೇಲಿ ಒರೆಸಿ ಮ್ಯಾಟು ಹಾಸಿ, ಕಟ್ಟೆಗೆ ಕಚ್ಚಿಕೊಳ್ತೈತೆ, ಜಾರಲ್ಲ. ಒಬ್ಬಟ್ಟಿಗಾದ್ರೆ ಎಣ್ಣೆ ಸವರಿ. ಫಾಂಡೆಂಟಿಗಾದ್ರೆ ಕಾರ್ನ್‌ಫ್ಲೋರ್ ತೆಳ್ಳಗೆ ಉದುರಿಸಿ, ಜಾಸ್ತಿಯಾದ್ರೆ ಒಣಗಿ ಬಿರುಕು ಬಿಡ್ತೈತೆ. ನಡುವಿಂದ ಅಂಚಿಗೆ ಲಟ್ಟಿಸಬೇಕು, ಮೂರು ನಾಲ್ಕು ಮಿಲಿಮೀಟರ್ ದಪ್ಪ ಇರಲಿ. ಒಬ್ಬಟ್ಟನ್ನ ಮ್ಯಾಟಿಂದ ಅಂಗೈಗೆ ಮಗುಚಿಕೊಂಡು, ಆಮೇಲೆ ಹೆಂಚಿಗೆ ಹಾಕಿ. ಕರಗಲ್ಲ ಅಂತ ಮ್ಯಾಟನ್ನೇ ಹೆಂಚಿಗೆ, ಉರಿಗೆ ತೋರಿಸಬ್ಯಾಡಿ. ಮೇಲೆ ಚಾಕು ಆಡಿಸಬ್ಯಾಡಿ. ಬಿಸಿ ನೀರು, ಸೋಪಿನಲ್ಲಿ ತೊಳೆದು, ಒಣಗಿಸಿ, ಸುತ್ತಿಡಿ, ಮಡಿಸಬ್ಯಾಡಿ. ಸಿಲಿಕೋನ್ ಈರುಳ್ಳಿ ವಾಸನೆ, ಎಣ್ಣೆ ಜಿಡ್ಡು ಹೀರಿಕೊಳ್ತೈತೆ. ಅದಕ್ಕೇ ರೊಟ್ಟಿದು ಬ್ಯಾರೆ, ಸಿಹಿದು ಬ್ಯಾರೆ ಇರಲಿ. ಈರುಳ್ಳಿ ವಾಸನೆ ಕೇಕು ಯಾರಿಗೆ ಬೇಕು?

ಈಗ ನನ್ನ ಎರಡನೇ ತಪ್ಪು. ಸೊಸೆ ಹತ್ರ ಜಾಲರಿ ಮ್ಯಾಟು ಒಂದು ಹಳೇದಿತ್ತು. ಒಂದು ದೊಡ್ಡದು ಯಾಕೆ, ಎರಡು ಚಿಕ್ಕದು ಮಾಡ್ಕೊಂಡ್ರೆ ವಾರಗಿತ್ತಿಗೂ ಒಂದು ಕೊಡಬಹುದು ಅಂತ ಕತ್ತರಿ ತಗೊಂಡು ಕತ್ತರಿಸಿಬಿಟ್ಟೆ. ಅವಳು ನೋಡಿ ಗಾಬರಿ ಆದ್ಲು. ಕತ್ತರಿಸಿದ ಅಂಚಲ್ಲಿ ಗಾಜಿನ ನಾರು ಹೊರಗೆ ಬಂದಿರ್ತೈತೆ ಅತ್ತೆ, ಹಿಟ್ಟಿಗೆ ಸೇರಿದ್ರೆ ಏನು ಗತಿ ಅಂದ್ಲು. ಬೆಳಕಿಗೆ ಹಿಡಿದು ನೋಡಿದೆ, ಕೂದಲಿಗಿಂತ ಸಣ್ಣ ಎಳೆ ಕಾಣಿಸ್ತು. ಎರಡೂ ತುಂಡು ಕಸಕ್ಕೆ ಹೋದ್ವು. ಹಳೇ ಜಾಲರಿ ಮ್ಯಾಟಿನ ಮೇಲೆ ಚಾಕು ಗೀರು ಬಿದ್ದಿದ್ರೂ ಅದೇ ಕಥೆ, ಎಸೆಯಿರಿ. ಹೊಸ ಸಾಮಾನು ತಂದ ಮಾತ್ರಕ್ಕೆ ನಾವು ಬುದ್ಧಿವಂತರಾಗಲ್ಲ ಅಂತ ಅವತ್ತು ಕಲಿತೆ.

"ಮ್ಯಾಟಿಗೆ ಮುನ್ನೂರು ನಾನೂರು ಯಾರು ಕೊಡ್ತಾರೆ" ಅಂತ ನಾದಿನಿ ಕೇಳಿದ್ಲು. ನಿಜ, ಎಲ್ಲರಿಗೂ ಸುಲಭ ಅಲ್ಲ. ಆದ್ರೆ ಯುಗಾದಿಗೆ ಉಡೋ ಸೀರೆಗೆ ಮ್ಯಾಚಿಂಗ್ ಬಳೆಗೆ ನಾವು ಎಷ್ಟು ಕೊಡ್ತೀವಿ ಅಂತ ನಾನು ವಾಪಸ್ ಕೇಳಿದೆ, ನಕ್ಕು ಸುಮ್ಮನಾದ್ಲು. ಅದೂ ಆಗದೋರಿಗೆ ಬಾಳೆ ಎಲೆ ಐತೆ. ನಮ್ಮ ಸಂತೇಲಿ, ಹೂವಿನ ಅಂಗಡೀಲಿ ಹಬ್ಬದ ಹಿಂದಿನ ದಿನ ಕುಡಿ ಎಲೆ ಸಿಕ್ಕೇ ಸಿಗ್ತೈತೆ. ಊಟಕ್ಕೆ ತರೋ ಎಲೆ ಜೊತೆ ಎರಡು ಜಾಸ್ತಿ ತನ್ನಿ ಅಂತ ಗಂಡಸರಿಗೆ ಹೇಳೋಕೆ ಏನು ಕಷ್ಟ? ಕುಂಡದಲ್ಲಿ ಒಂದು ಬಾಳೆ ಕಂದು ಹಾಕಿದ್ರೂ ಆಯ್ತು.

ನನ್ನ ದೊಡ್ಡ ವಾರಗಿತ್ತಿ ಈ ಬ್ಲಾಗು ಓದ್ತಾರೆ. ಅಕ್ಕ, ನಿಮ್ಮನ್ನ ಎಲ್ಲರ ಮುಂದೆ ಬೈಯೋಕೆ ಇದನ್ನ ಬರೀಲಿಲ್ಲ. ಅವತ್ತು ಸೊಸೆ ಸರಿಯಾಗೇ ಹೇಳಿದ್ಲು, ಅವಳು ಚಿಕ್ಕೋಳು ಅಂತ ನಾವು ದೊಡ್ಡೋರೆಲ್ಲಾ ಸೇರಿ ನಕ್ಕುಬಿಟ್ವಿ. ಮೊಮ್ಮಗನ ಬಾಯಿಗೆ ಹೋಗೋದು ಉಗುರಳತೇಲಿ ತಪ್ತು. ಮನೇಲಿ ಚಿಕ್ಕೋರು ಒಂದು ಒಳ್ಳೇ ಮಾತು ಹೇಳಿದ್ರೆ ಕೇಳಿಸಿಕೊಳ್ಳೋಣ. ಹೋಟ್ಲಿಗೆ ತಪಾಸಣೆಗೆ ಅಧಿಕಾರಿಗಳು ಬರ್ತಾರೆ, ನಮ್ಮ ಅಡಿಗೆ ಮನೆಗೆ ಯಾರೂ ಬರಲ್ಲ. ನಾವೇ ನೋಡ್ಕೋಬೇಕು.

ಬರೋ ಗೌರಿ ಹಬ್ಬಕ್ಕೆ ಎಲ್ಲರೂ ನಮ್ಮನೆಗೇ ಬನ್ನಿ. ಬಾಳೆ ಎಲೆ ನಾನು ತರಿಸಿರ್ತೀನಿ, ಮ್ಯಾಟು ಸೊಸೆ ಕೊಡ್ತಾಳೆ. ಯಾವುದರ ಮೇಲೆ ಬೇಕೋ ತಟ್ಟಿ. ಕವರ್ ಮಾತ್ರ ಬಾಗಿಲ ಹೊರಗೇ ಇಟ್ಟು ಬನ್ನಿ.